ತಲೆ ಕಡಿಯುವ ಒಂದು ಇಂಗ್ಲಿಷ್ ಕ್ರಿಯಾಪದ

ಕೇಳುಗರಿಗೆ ನಮಸ್ಕಾರ. ತಲೆ ಕಡಿಯುವ ಮಾತು ಈಗೇಕೆ ಎಂದು ಹುಬ್ಬೇರಿಸಬೇಡಿ. ಇಂದಿನ ವಿಷಯ ‘ಬಿಹೆಡ್’ ಎಂಬ ಇಂಗ್ಲಿಷ್ ಕ್ರಿಯಾಪದ. ಇತಿಹಾಸದ ಪಾಠದಲ್ಲಿ ಮಕ್ಕಳ ಕಣ್ಣಿಗೆ ಬೀಳುವ ಈ ಪದ ಉತ್ತರ ಬರೆಯುವಾಗ ಸುಲಭವಾಗಿ ಹಳಿ ತಪ್ಪುತ್ತದೆ.

ತೊಡಕು ಇಷ್ಟೇ. ಕನ್ನಡದಲ್ಲಿ ನಾವು ಕಡಿಯುವುದು ತಲೆಯನ್ನು: ‘ರಾಜನ ತಲೆ ಕಡಿದರು.’ ಅದೇ ಜಾಡು ಹಿಡಿದು ‘ಬಿಹೆಡೆಡ್ ದಿ ಕಿಂಗ್ಸ್ ಹೆಡ್’ ಎಂದು ಬರೆದರೆ, ರಾಜನ ತಲೆಗೇ ಇನ್ನೊಂದು ತಲೆ ಇತ್ತೆಂದು ಅರ್ಥವಾದೀತು. ತಲೆ ಆ ಕ್ರಿಯಾಪದದೊಳಗೇ ಕುಳಿತಿದೆ. ಕರ್ಮದ ಜಾಗಕ್ಕೆ ಬರಬೇಕಾದವನು ರಾಜ. ಅದೂ ಹೆಚ್ಚಾಗಿ ಕರ್ಮಣಿ ಪ್ರಯೋಗದಲ್ಲಿ: ‘ಚಾರ್ಲ್ಸ್ ವಾಸ್ ಬಿಹೆಡೆಡ್.’ ಇಂಗ್ಲೆಂಡಿನ ಒಂದನೆಯ ಚಾರ್ಲ್ಸ್ ದೊರೆಯನ್ನು 1649ರ ಜನವರಿ 30ರಂದು ಲಂಡನ್ನಿನ ವೈಟ್‌ಹಾಲ್‌ನಲ್ಲಿ ಕೊಂದಾಗ ಕೊಡಲಿ ಬೀಸಿದವನು ಮುಖವಾಡ ಧರಿಸಿದ್ದ. ಅವನು ಯಾರೆಂದು ಇಂದಿಗೂ ಖಚಿತವಾಗಿಲ್ಲ. ವ್ಯಾಕರಣವೂ ಅವನ ಹೆಸರು ಕೇಳುವುದಿಲ್ಲ.

ಪದದ ಮೊದಲಿನ ‘ಬಿ’ ಹಳೆಯ ಇಂಗ್ಲಿಷಿನದು. ಇಲ್ಲಿ ಅದಕ್ಕೆ ‘ಬೇರ್ಪಡಿಸು’ ಎಂಬ ಅರ್ಥ. ಅದನ್ನು ಮರೆಯಬಾರದು. ಸಂಘವನ್ನು ‘ಹೆಡ್’ ಮಾಡಿದವರು ಅಧ್ಯಕ್ಷರು, ‘ಬಿಹೆಡ್’ ಮಾಡಿದವರು ಕೊಲೆಗಾರರು.

ಈ ಪದಕ್ಕೆ ಶಿಕ್ಷೆಯ ವಾಸನೆಯೂ ಇದೆ. ಹಿಂದೆ ಇಂಗ್ಲೆಂಡಿನಲ್ಲಿ ಕೊಡಲಿ ಕುಲೀನರ ಪಾಲು, ಹಗ್ಗ ಸಾಮಾನ್ಯರ ಪಾಲು. ಸಾವಿನಲ್ಲೂ ಪಂಕ್ತಿಭೇದ! ನಮ್ಮ ಕೊಡಗು, ಸುಳ್ಯ ಕಡೆಯ 1837ರ ಬಂಡಾಯದ ಬಳಿಕ ಅದರ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಬ್ರಿಟಿಷರು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಅವರ ಕಥೆಯನ್ನು ಇಂಗ್ಲಿಷಿನಲ್ಲಿ ಬರೆಯುವವರು ‘ಹ್ಯಾಂಗ್ಡ್’ ಎನ್ನಬೇಕು, ‘ಹಂಗ್’ ಎನ್ನಬಾರದು. ‘ಹಂಗ್’ ಎಂಬುದು ಗೋಡೆಗೆ ತೂಗುಹಾಕಿದ ಚಿತ್ರಕ್ಕೆ.

ಹಾಗಾದರೆ ನಮ್ಮ ಕೊಡವ ಮದುವೆಯ ಬಾಳೆ ಕಡಿಯುವ ಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಏನೆನ್ನುವುದು? ವಾಲಗ ಮೊಳಗುತ್ತಿರುತ್ತದೆ. ನೆಲಕ್ಕೆ ನೆಟ್ಟ ಬಾಳೆದಿಂಡಿನ ಮುಂದೆ ಕತ್ತಿ ಹಿಡಿದವರು ಕಾಲು ಗಟ್ಟಿಯಾಗಿ ಊರಿ ನಿಲ್ಲುತ್ತಾರೆ. ಬೀಸಿದ ಏಟು ಸರಿಯಾಗಿ ಬಿದ್ದರೆ ಮೇಲಿನ ತುಂಡು ಪಕ್ಕಕ್ಕೆ ಉರುಳುತ್ತದೆ, ಉಳಿದ ಬುಡದಲ್ಲಿ ಒದ್ದೆಯಾದ ಬಿಳಿ ಪದರಗಳು ಕಾಣುತ್ತವೆ. ಸೊನೆ ಬಟ್ಟೆಗೆ ತಾಗಿದರೆ ಕಲೆ ಸುಲಭಕ್ಕೆ ಹೋಗದು. ಪೌರುಷದ ಈ ಗಳಿಗೆಗೆ ‘ಬಿಹೆಡ್’ ಎನ್ನಲು ಬಾಯಿ ತುರಿಸುವುದು ಸಹಜ. ತಮಾಷೆಗೆ ಹೇಳಿದರೆ ನಾನೂ ನಗುತ್ತೇನೆ. ಆದರೆ ಆಮಂತ್ರಿತರಿಗೆ ಶಾಸ್ತ್ರ ವಿವರಿಸುವಾಗ ಸರಳವಾಗಿ ‘ಕಟ್’ ಎಂದರೆ ಸಾಕು. ಇಲ್ಲವಾದರೆ ಊಟಕ್ಕೆ ಮೊದಲೇ ನೆಂಟರು ಜಾಗ ಖಾಲಿ ಮಾಡಿಯಾರು.

ತೋಟದ ಕೆಲಸಕ್ಕೂ ಈ ಪದ ಒಗ್ಗುವುದಿಲ್ಲ. ಅರೇಬಿಕಾ ಕಾಫಿ ಗಿಡ ಸುಮಾರು ಎರಡೂವರೆ ಅಡಿ ಬೆಳೆದಾಗ ಅದರ ತುದಿ ಚಿವುಟಿ ಅಡ್ಡ ಕೊಂಬೆಗಳಿಗೆ ಬಲ ಕೊಡುವುದನ್ನು ‘ಟಾಪಿಂಗ್’ ಎನ್ನುತ್ತಾರೆ. ಅಲ್ಲಿ ಯಾರೂ ಯಾರನ್ನೂ ಶಿಕ್ಷಿಸುತ್ತಿಲ್ಲ.

ತಲೆ ಕಡಿಯುವುದಕ್ಕೇ ಇರುವ, ಲ್ಯಾಟಿನ್ ಮೂಲದ ‘ಡಿಕ್ಯಾಪಿಟೇಟ್’ ಬಳಕೆಯಲ್ಲಿ ಇನ್ನೂ ವಿಶಾಲವಾದದ್ದು. ಅಪಘಾತದಲ್ಲಿ ರುಂಡ ಬೇರೆಯಾದರೆ ಪತ್ರಿಕೆಗಳು ಹೆಚ್ಚಾಗಿ ಅದನ್ನೇ ಬಳಸುತ್ತವೆ. ಶತ್ರುಪಡೆಯ ನಾಯಕರನ್ನೇ ಗುರಿಯಿಟ್ಟು ಹೊಡೆಯುವುದಕ್ಕೂ ಸೇನೆಯವರ ಭಾಷೆಯಲ್ಲಿ ಅದೇ ಪದ. ಫ್ರಾನ್ಸಿನ ತಲೆ ಕಡಿಯುವ ಯಂತ್ರ ಗಿಲೊಟಿನ್ 1792ರಲ್ಲಿ ಬಳಕೆಗೆ ಬಂದು 1977ರಲ್ಲಿ ಕೊನೆಯ ತಲೆ ತೆಗೆಯಿತು. ಅದರ ಹೆಸರು ನಮ್ಮ ಸಂಸತ್ತಿನಲ್ಲಿ ಇನ್ನೂ ಓಡಾಡುತ್ತಿದೆ. ಚರ್ಚೆಗೆ ಸಮಯ ಸಾಲದೆ ಉಳಿದ ಅನುದಾನ ಬೇಡಿಕೆಗಳನ್ನು ಒಟ್ಟಿಗೇ ಮತಕ್ಕೆ ಹಾಕುವುದು ಅಲ್ಲಿನ ‘ಗಿಲೊಟಿನ್’.

ಇನ್ನು ಮಕ್ಕಳಿಗೊಂದು ಆಟ. ಇಂಗ್ಲಿಷಿನ ಪದಬಂಧಗಳಲ್ಲಿ ‘ಬಿಹೆಡ್’ ಎಂದರೆ ಮೊದಲ ಅಕ್ಷರ ತೆಗೆ ಎಂದರ್ಥ. ಕುದುರೆ ಲಾಯದ ‘ಸ್ಟೇಬಲ್’ ಮೊದಲಕ್ಷರ ಕಳೆದುಕೊಂಡರೆ ಊಟದ ‘ಟೇಬಲ್’ ಆಗುತ್ತದೆ. ‘ಪ್ಲೇಟ್’ ಎಂಬ ತಟ್ಟೆಯ ಮೊದಲಕ್ಷರ ತೆಗೆದು ನೋಡಿ. ಶಾಲೆಗೆ ತಡವಾಗಿ ಹೋಗುವವರಿಗೆ ಉತ್ತರ ಬೇಗ ಹೊಳೆದೀತು. ನಮಸ್ಕಾರ.