ಅರ್ಧ ಲಾಭ ಅಂತ ಒಪ್ಪಿಕೊಳ್ಳುವ ಮೊದಲು

ನಮಸ್ಕಾರ. ಆದಾಯ ತೆರಿಗೆಯ ರಿಟರ್ನ್ ಹಾಕುವ ಸಮಯ ಬಂತೆಂದರೆ ನಮ್ಮ ಉಡುಪಿ, ಮಣಿಪಾಲ, ಮಂಗಳೂರಿನಲ್ಲಿ ಸ್ವಂತ ಕೆಲಸ ಮಾಡುವವರದ್ದು ಒಂದೇ ಮಾತು: "ಫಿಫ್ಟಿ ಪರ್ಸೆಂಟ್ ಹಾಕಿ ಮುಗಿಸಿಬಿಡಿ ಮಾರಾಯ್ರೆ, ಬಿಲ್ಲೆಲ್ಲ ಯಾರು ಇಟ್ಟುಕೊಳ್ತಾರೆ?" ನಾನು ಇಂಥವರ ಲೆಕ್ಕ ಬರೆಯುವವಳು. ಈ ಮಾತಿಗೆ ನನ್ನ ತಕರಾರು ಉಂಟು.

ಮೊದಲು ಈ ಐವತ್ತು ಪರ್ಸೆಂಟ್ ಎಂತದ್ದು ಅಂತ ನೋಡುವ. ವೈದ್ಯರು, ವಕೀಲರು, ಎಂಜಿನಿಯರ್, ಆರ್ಕಿಟೆಕ್ಟ್, ಇಂಟೀರಿಯರ್ ಡೆಕೊರೇಟರ್ ಮೊದಲಾದವರ ವರ್ಷದ ವರಮಾನ 50 ಲಕ್ಷದೊಳಗಿದ್ದರೆ ಅರ್ಧವನ್ನು ಲಾಭ ಅಂತ ತೋರಿಸಿ ತೆರಿಗೆ ಕಟ್ಟಬಹುದು. ನಗದಾಗಿ ಬಂದದ್ದು ಶೇಕಡಾ 5 ಮೀರದಿದ್ದರೆ ಈ ಮಿತಿ 75 ಲಕ್ಷ. ಉಳಿದರ್ಧ ಖರ್ಚಿಗೆ ಹೋಯಿತು ಅಂತ ಸರ್ಕಾರವೇ ಒಪ್ಪಿಕೊಳ್ಳುತ್ತದೆ. ಆಮೇಲೆ "ಫೋನ್ ಬಿಲ್ಲು ಬೇರೆ ಉಂಟು, ಲ್ಯಾಪ್‌ಟಾಪ್ ಹಳತಾಗಿ ಬೆಲೆ ಇಳಿದ ಸವಕಳಿ ಬೇರೆ ಉಂಟು" ಅನ್ನುವ ಹಾಗಿಲ್ಲ. ಎಲ್ಲವೂ ಅದರಲ್ಲೇ ಬಂತು.

ಮನೆಯಲ್ಲೇ ಕುಳಿತು ಡ್ರಾಯಿಂಗ್ ಮಾಡಿಕೊಡುವ ಎಂಜಿನಿಯರಿಗೆ ಇದು ಒಳ್ಳೆಯದೇ. ಅವರ ಖರ್ಚು ಅಷ್ಟು ಇರುವುದಿಲ್ಲ, ಖಂಡಿತ ತೆಗೆದುಕೊಳ್ಳಲಿ. ಆದರೆ ಕದ್ರಿಯಲ್ಲಿ ಬಾಡಿಗೆ ಆಫೀಸು ಇಟ್ಟು, ಇಬ್ಬರಿಗೆ ಸಂಬಳ ಕೊಟ್ಟು, ಸೈಟಿಂದ ಸೈಟಿಗೆ ಓಡಾಡುವ ಇಂಟೀರಿಯರ್ ಡೆಕೊರೇಟರ್ ಒಬ್ಬರನ್ನು ಊಹಿಸಿಕೊಳ್ಳಿ. ವರಮಾನ 30 ಲಕ್ಷ, ನಿಜವಾದ ಖರ್ಚು 19 ಲಕ್ಷ, ಕೈಯಲ್ಲಿ ಉಳಿದದ್ದು 11 ಲಕ್ಷ. ಅರ್ಧ ಅಂತ ಹಾಕಿದರೆ ಕಾಗದದ ಮೇಲೆ ಲಾಭ 15 ಲಕ್ಷ. 2025-26ರ ಆರ್ಥಿಕ ವರ್ಷದ ಹೊಸ ತೆರಿಗೆ ಪದ್ಧತಿಯಲ್ಲಿ 15 ಲಕ್ಷಕ್ಕೆ ಸೆಸ್ (ತೆರಿಗೆಯ ಮೇಲಿನ ಹೆಚ್ಚುವರಿ ಕರ) ಸೇರಿ 1,09,200 ರೂಪಾಯಿ ತೆರಿಗೆ. 11 ಲಕ್ಷಕ್ಕೆ? ರಿಯಾಯಿತಿ ಕಳೆದು ಸೊನ್ನೆ. ಸಂಪಾದಿಸದೇ ಇದ್ದ ನಾಲ್ಕು ಲಕ್ಷಕ್ಕಾಗಿ ಒಂದು ಲಕ್ಷಕ್ಕಿಂತ ಹೆಚ್ಚು ಕಟ್ಟಿದ ಹಾಗಾಯಿತು. ಅರ್ಧಕ್ಕಿಂತ ಕಡಿಮೆ ಲಾಭ ತೋರಿಸಬೇಕಾದರೆ ಲೆಕ್ಕದ ಪುಸ್ತಕ ಬೇಕು, ಆಡಿಟ್ ಬೇಕು, ಅದು ಹೌದು. ಆದರೆ ಅರ್ಧ ಹಾಕುವುದೋ ಆಡಿಟ್ ಮಾಡಿಸುವುದೋ, ಯಾವುದು ಅನುಕೂಲ ಅಂತ ತೂಗಿ ನೋಡುವುದಕ್ಕೂ ಮೊದಲು ಖರ್ಚು ಎಷ್ಟು ಅಂತ ಗೊತ್ತಿರಬೇಡವೇ?

ಇನ್ನೊಂದು ತಪ್ಪು ತಿಳಿವಳಿಕೆ ನನ್ನನ್ನು ತುಂಬಾ ಕಾಡುತ್ತದೆ. "ಹೊಸ ಪದ್ಧತಿಯಲ್ಲಿ ಯಾವುದನ್ನೂ ಕಳೆಯಲಿಕ್ಕಿಲ್ಲ" ಅಂತಾರೆ. ಎಲ್‌ಐಸಿ ಪ್ರೀಮಿಯಂ, ಪಿಪಿಎಫ್ ಕಳೆಯಲಿಕ್ಕಿಲ್ಲ, ಸರಿ. ಕೆಲಸಕ್ಕೆ ಮಾಡಿದ ಖರ್ಚಿನ ಕಥೆಯೇ ಬೇರೆ. ಅದನ್ನು ಕಳೆದ ಮೇಲೆ ಉಳಿಯುವುದೇ ಲಾಭ. ಹಳೆಯದಿರಲಿ, ಹೊಸದಿರಲಿ, ಆ ಹಕ್ಕು ಎಲ್ಲಿಗೂ ಹೋಗಿಲ್ಲ.

ಹಕ್ಕು ಅಂದ ಕೂಡಲೇ ಮನೆಯ ಖರ್ಚನ್ನೆಲ್ಲ ತಂದು ತುರುಕುವವರೂ ಇದ್ದಾರೆ. ಅದೂ ನನಗೆ ಒಪ್ಪಿಗೆಯಿಲ್ಲ. ಪೂರ್ತಿಯಾಗಿ ಕೆಲಸಕ್ಕೇ ಆದ ಖರ್ಚು ಮಾತ್ರ ಸಲ್ಲುತ್ತದೆ. ಕಾರಿನಲ್ಲಿ ಸುರತ್ಕಲ್ ಸೈಟಿಗೆ ಹೋದ ಪೆಟ್ರೋಲು ಬರೆಯಿರಿ, ಮನೆಯವರನ್ನು ಕರಕೊಂಡು ಕೊಲ್ಲೂರಿಗೆ ಹೋದದ್ದು ಬೇಡ. ಮನೆಯ ಒಂದು ಕೋಣೆ ಆಫೀಸಾಗಿದ್ದರೆ ಮೆಸ್ಕಾಂ ಕರೆಂಟು ಬಿಲ್ಲಿನಲ್ಲಿ ಆ ಕೋಣೆಯ ಪಾಲು ಮಾತ್ರ. ಲ್ಯಾಪ್‌ಟಾಪ್ ಕೊಂಡರೆ ಇಡೀ ಬೆಲೆ ಒಮ್ಮೆಗೇ ಕಳೆಯಲಿಕ್ಕಾಗುವುದಿಲ್ಲ. ವರ್ಷಕ್ಕೆ ಶೇಕಡಾ 40ರ ಸವಕಳಿ, ಆ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಬಡಗಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟಿರೋ, ಕೊಟ್ಟದ್ದು ನಿಜವಾದರೂ ಲೆಕ್ಕಕ್ಕೆ ಸಿಗುವುದಿಲ್ಲ. ಯುಪಿಐ ಮಾಡಿ, ಇಲ್ಲ ಚೆಕ್ ಕೊಡಿ.

ಬಿಲ್ಲಿನ ಮಾತಿಗೆ ಬರುವ. ಪೆಟ್ರೋಲ್ ಬಂಕಿನವರು ಕೊಡುವ ಆ ನುಣುಪು ಕಾಗದ ಉಂಟಲ್ಲ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟರೆ ಎಪ್ರಿಲ್ ಬಿಸಿಲಿಗೆ ಕಪ್ಪಾಗುತ್ತದೆ. ಡ್ರಾಯರಿನಲ್ಲಿ ತುಂಬಿಸಿಟ್ಟರೆ ನಮ್ಮ ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿ, ಬಿಡಿಸುವಾಗ ಅಕ್ಷರವೇ ಎದ್ದು ಬರುತ್ತದೆ. ಮಾರ್ಚ್ ಕಳೆದ ಮೇಲೆ ಅಂಥ ಕಟ್ಟು ನನ್ನ ಮೇಜಿಗೆ ಬಂದಾಗ ಹೊಟ್ಟೆ ಉರಿಯುತ್ತದೆ. ಬೆವರು ಸುರಿಸಿ ದುಡಿದವರ ದುಡ್ಡು ಅದು. ಕೈಗೆ ಬಂದ ಕೂಡಲೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಿರಿ, ಯಾವ ಕೆಲಸಕ್ಕೆ ಅಂತ ಒಂದು ಸಾಲು ಬರೆದಿಡಿ. 1928ರಲ್ಲಿ ಇದೇ ಉಡುಪಿಯಿಂದ ಶುರುವಾದ ಪಿಗ್ಮಿ ಠೇವಣಿ ದಿನಕ್ಕೆ ಎರಡಾಣೆಯ ಲೆಕ್ಕದಲ್ಲಿ ಬೆಳೆದದ್ದು. ಖರ್ಚಿನ ಪುಸ್ತಕವೂ ಹಾಗೆಯೇ, ದಿನ ದಿನ ಬರೆದರೆ ಭಾರವೇ ಅಲ್ಲ.

ಸುಳ್ಳು ಬಿಲ್ಲು ತಂದು ಲಾಭ ಕರಗಿಸುವವರಿಗೆ ಒಂದು ಮಾತು. ನೋಟಿಸಿನ ಹೆದರಿಕೆ ಹಾಗಿರಲಿ. ನಾಳೆ ಮನೆ ಸಾಲಕ್ಕೆ ಬ್ಯಾಂಕಿಗೆ ಹೋದರೆ ಅವರು ಕೇಳುವುದು ರಿಟರ್ನಿನ ಪ್ರತಿ. ಅದರಲ್ಲಿ ನೀವೇ ಬರೆದ ಸಣ್ಣ ಆದಾಯಕ್ಕೆ ಸಣ್ಣ ಸಾಲವೇ ಸಿಗುವುದು.

ಸರ್ಕಾರಕ್ಕೂ ನನ್ನದೊಂದು ಬೇಡಿಕೆ ಉಂಟು. ಮೂವತ್ತು ಲಕ್ಷದ ವರಮಾನದವರು ಬಿಲ್ಲು ಸಮೇತ ನಿಜವಾದ ಖರ್ಚು ತೋರಿಸಲು ಬಂದರೆ ಅವರ ಮೇಲೆ ಆಡಿಟ್‌ನ ಹೊರೆ ಯಾಕೆ? ಅದರ ಫೀಸಿಗೂ ಓಡಾಟಕ್ಕೂ ಹೆದರಿಯೇ ಎಷ್ಟೋ ಜನ ಅರ್ಧಕ್ಕೆ ಸಹಿ ಹಾಕಿ ಏಳುವುದು. ಇಷ್ಟು ವರಮಾನದವರೆಗೆ ಪುಸ್ತಕ ಸಾಕು, ಆಡಿಟ್ ಬೇಡ ಅಂತ ಒಂದು ಮಿತಿ ಹಾಕಿಕೊಡಲಿ.