ಪಿಂಚಣಿಯ ಹೊರೆ ಯಾರ ಹೆಗಲಿಗೆ?

ಮಾನ್ಯ ಅಧ್ಯಕ್ಷರೇ, ಸಭಿಕರೇ,

ಒಂದೇ ಸರ್ಕಾರಿ ಶಾಲೆಯಲ್ಲಿ ಅಕ್ಕಪಕ್ಕದ ತರಗತಿಗಳಿಗೆ ಪಾಠ ಹೇಳುವ ಇಬ್ಬರ ವೇತನ ಚೀಟಿಗಳನ್ನು ಜೋಡಿಸಿಟ್ಟು ನೋಡಿ. 2006ರ ಮಾರ್ಚ್‌ನಲ್ಲಿ ಸೇವೆಗೆ ಸೇರಿದವರ ಚೀಟಿಯಲ್ಲಿ ಜಿಪಿಎಫ್ (ಸಾಮಾನ್ಯ ಭವಿಷ್ಯ ನಿಧಿ) ಕಡಿತವಿದ್ದರೆ, ಏಪ್ರಿಲ್‌ನಲ್ಲಿ ಸೇರಿದವರ ಚೀಟಿಯಲ್ಲಿ ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ವಂತಿಕೆ ಇರುತ್ತದೆ. ಹಳೆ ಪಿಂಚಣಿ ಮತ್ತು ಎನ್‌ಪಿಎಸ್ ನಡುವೆ ಕರ್ನಾಟಕ ಸರ್ಕಾರ 2006ರ ಏಪ್ರಿಲ್ 1ರಂದು ಎಳೆದ ಗೆರೆ ಇದು. ಕೇಂದ್ರ ಸರ್ಕಾರ ಇದೇ ಗೆರೆಯನ್ನು 2004ರ ಜನವರಿ 1ಕ್ಕೇ ಎಳೆದಿತ್ತು.

ಗೆರೆಯ ಆಚೆಗಿರುವ, ಅಂದರೆ ಮೊದಲೇ ಸೇರಿದವರಿಗೆ ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿ, ಅದರ ಮೇಲೆ ಕಾಲಕಾಲಕ್ಕೆ ಏರುವ ತುಟ್ಟಿಭತ್ಯೆ. ಈಚೆಗಿರುವವರು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟನ್ನು ತಿಂಗಳು ತಿಂಗಳೂ ಕಟ್ಟುತ್ತಾರೆ, ಸರ್ಕಾರವೂ ತನ್ನ ಪಾಲು ಸೇರಿಸುತ್ತದೆ, ಆ ಹಣ ಮಾರುಕಟ್ಟೆಯಲ್ಲಿ ಬೆಳೆಯುತ್ತದೆ ಅಥವಾ ಕುಗ್ಗುತ್ತದೆ. ನಿವೃತ್ತಿಯ ದಿನ 40 ಲಕ್ಷ ರೂಪಾಯಿ ಕೂಡಿದೆ ಎಂದಿಟ್ಟುಕೊಳ್ಳೋಣ. ಶೇ 60ರವರೆಗೆ ಕೈಗೆ ಬರುತ್ತದೆ. ಅದು ಮನೆ ಸಾಲಕ್ಕೋ ಮಗಳ ಮದುವೆಗೋ ಹೋಗುವುದನ್ನು ನಾವೆಲ್ಲ ಕಂಡಿದ್ದೇವೆ. ಉಳಿದ 16 ಲಕ್ಷವನ್ನು ವಿಮಾ ಸಂಸ್ಥೆಯ ವರ್ಷಾಶನಕ್ಕೆ, ಅಂದರೆ ಬದುಕಿರುವವರೆಗೆ ನಿಗದಿತ ಮೊತ್ತ ಕೊಡುವ ಯೋಜನೆಗೆ ತೊಡಗಿಸಿ, ಶೇ 6ರ ಲೆಕ್ಕ ಹಿಡಿದರೆ, ತಿಂಗಳಿಗೆ 8 ಸಾವಿರ ರೂಪಾಯಿ. ತೊಗರಿಬೇಳೆಯ ಬೆಲೆ ಎಷ್ಟೇ ಏರಲಿ, ಈ 8 ಸಾವಿರಕ್ಕೆ ತುಟ್ಟಿಭತ್ಯೆ ಸೇರುವುದಿಲ್ಲ. ಪಿಂಚಣಿಯು ಸರ್ಕಾರ ದಯಪಾಲಿಸುವ ಕೊಡುಗೆಯಲ್ಲ, ಸಲ್ಲಿಸಿದ ಸೇವೆಗೆ ದಕ್ಕುವ ಹಕ್ಕು ಎಂದು ಸುಪ್ರೀಂ ಕೋರ್ಟ್ 1982ರ ನಾಕರಾ ಪ್ರಕರಣದಲ್ಲಿ ಹೇಳಿದ್ದನ್ನು ನೆನೆದರೆ, ನೌಕರರ ಸಿಟ್ಟು ಅಕಾರಣವೆನ್ನಲಾಗದು.

ಹಾಗೆಂದು ಹಳೆಯ ಪದ್ಧತಿಗೆ ಮರಳಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನೂ ನಾನು ಒಪ್ಪಲಾರೆ. ಅದಕ್ಕೆ ಹಿಂದೆ ಯಾವ ನಿಧಿಯೂ ಇರಲಿಲ್ಲ. ಆಯಾ ವರ್ಷದ ಪಿಂಚಣಿಯನ್ನು ಆಯಾ ವರ್ಷದ ರಾಜಸ್ವದಿಂದಲೇ ಕೊಡಲಾಗುತ್ತಿತ್ತು. ರಾಜಸ್ಥಾನ, ಹಿಮಾಚಲ ಪ್ರದೇಶದಂತಹ ರಾಜ್ಯಗಳು ಹಳೆ ಪಿಂಚಣಿಗೆ ಮರಳುವ ನಿರ್ಧಾರ ಮಾಡಿದಾಗ ಹೆಚ್ಚು ಚರ್ಚೆಯಾಗದ ಸಂಗತಿಯೊಂದಿದೆ: ಎನ್‌ಪಿಎಸ್‌ಗೆ ಸರ್ಕಾರ ಕಟ್ಟುವ ವಂತಿಕೆ ನಿಂತರೆ ಬೊಕ್ಕಸಕ್ಕೆ ಇಂದು ಉಳಿತಾಯವೇ ಆಗುತ್ತದೆ, ನಿಜವಾದ ಭಾರ ಬೀಳುವುದು ಎರಡು ಸಾವಿರದ ದಶಕದ ಈಚೆಗೆ ಸೇರಿದವರು ಸಾಲುಸಾಲಾಗಿ ನಿವೃತ್ತರಾಗುವಾಗ. ಆ ಹೊತ್ತಿಗೆ ಇಂದಿನ ಮಂತ್ರಿಗಳು ಯಾರೂ ಕುರ್ಚಿಯಲ್ಲಿರುವುದಿಲ್ಲ.

2025ರ ಏಪ್ರಿಲ್ 1ರಿಂದ ಕೇಂದ್ರ ನೌಕರರಿಗೆ ತೆರೆದಿರುವ ಏಕೀಕೃತ ಪಿಂಚಣಿ ಯೋಜನೆ ನಡುದಾರಿಯೊಂದನ್ನು ಹುಡುಕಿದೆ. ನೌಕರರ ಶೇ 10ಕ್ಕೆ ಸರ್ಕಾರ ಶೇ 18.5 ಸೇರಿಸುತ್ತದೆ, 25 ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಖಾತರಿ, 10 ವರ್ಷ ಪೂರೈಸಿದವರಿಗೆ ಕನಿಷ್ಠ 10 ಸಾವಿರ ರೂಪಾಯಿ, ಮೇಲೆ ತುಟ್ಟಿ ಪರಿಹಾರ. ಕೂಡಿದ ಮೊತ್ತದ ಮೇಲಿನ ಹಿಡಿತವನ್ನು ನೌಕರರು ಬಹುಪಾಲು ಬಿಟ್ಟುಕೊಡಬೇಕೆಂಬುದು ಇದರ ಬೆಲೆ. ಆದರೂ ಖಾತರಿ ಮತ್ತು ನಿಧಿ ಎರಡನ್ನೂ ಒಟ್ಟಿಗೆ ಇಟ್ಟುಕೊಂಡಿರುವ ಕಾರಣಕ್ಕೆ ನನ್ನ ಒಲವು ಈ ಬಗೆಯ ಏರ್ಪಾಟಿನತ್ತ. ನಮ್ಮ ರಾಜ್ಯ ಯಾವ ಹಾದಿ ಹಿಡಿದರೂ, ಮುಂದಿನ 30 ವರ್ಷಗಳಲ್ಲಿ ಅದಕ್ಕೆ ತಗಲುವ ವೆಚ್ಚದ ಅಂದಾಜನ್ನು ಆದೇಶ ಹೊರಡಿಸುವ ಮೊದಲೇ ವಿಧಾನಮಂಡಲದ ಮುಂದಿಡಬೇಕೆಂದು ನೌಕರರ ಸಂಘಟನೆಗಳೇ ಒತ್ತಾಯಿಸಬೇಕು.