ಮ್ಯಾಗಜೀನ್ ಬದಲಿಸುವ ಆ ಒಂದೂವರೆ ಸೆಕೆಂಡು

ಕೇಳುಗರಿಗೆ ನಮಸ್ಕಾರ. ಒಲಿಂಪಿಕ್ಸ್‌ನ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಐದು ಗುಂಡು ಹಾರಿಸಿದ ಮೇಲೆ ಸಾವಕಾಶವಾಗಿ ಮತ್ತೆ ತುಂಬಿಕೊಳ್ಳಬಹುದು. 1976ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಐಪಿಎಸ್‌ಸಿ (ಅಂತರರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಒಕ್ಕೂಟ) ಮಾದರಿಯ ಪ್ರಾಕ್ಟಿಕಲ್ ಶೂಟಿಂಗ್‌ನಲ್ಲಿ, ಅಂದರೆ ಓಡಾಡುತ್ತಾ ಸಮಯದೊಂದಿಗೆ ಪೈಪೋಟಿ ನಡೆಸಿ ಗುರಿ ಹೊಡೆಯುವ ಆಟದಲ್ಲಿ, ಅಷ್ಟು ಪುರುಸೊತ್ತಿಲ್ಲ. ಪ್ರೊಡಕ್ಷನ್ ವಿಭಾಗದಲ್ಲಿ (ಕಾರ್ಖಾನೆಯಿಂದ ಬಂದಂಥ ಸಾಮಾನ್ಯ ಪಿಸ್ತೂಲುಗಳ ವರ್ಗ) ಮ್ಯಾಗಜೀನಿಗೆ, ಅಂದರೆ ಪಿಸ್ತೂಲಿನ ಹಿಡಿಯೊಳಗೆ ಕೂರುವ ಗುಂಡಿನ ಪೆಟ್ಟಿಗೆಗೆ, 15 ಗುಂಡು; ದೊಡ್ಡ ಸ್ಟೇಜಿಗೆ (ಪಂದ್ಯದ ಒಂದು ಸುತ್ತು) 32 ಗುಂಡು. ಟೈಮರ್ ಓಡುತ್ತಿರುವಾಗಲೇ ಎರಡು ಸಲವಾದರೂ ಮ್ಯಾಗಜೀನ್ ಬದಲಿಸದೆ ವಿಧಿಯಿಲ್ಲ.

ಅಭ್ಯಾಸ ಬಹುಪಾಲು ಮನೆಯಲ್ಲೇ ನಡೆಯುವುದರಿಂದ ಅಸಲಿ ಗುಂಡು ಆ ಕೋಣೆಯೊಳಗೆ ಇರಲೇಕೂಡದು. ಚೇಂಬರನ್ನು (ನಳಿಕೆಯ ಹಿಂಬದಿಯಲ್ಲಿ ಗುಂಡು ಕೂರುವ ಜಾಗ) ಕಣ್ಣಿಂದ ನೋಡಿ, ಬೆರಳಿಂದಲೂ ಮುಟ್ಟಿ ಖಾತ್ರಿಪಡಿಸಿಕೊಳ್ಳಿ. ಖಾಲಿ ಮ್ಯಾಗಜೀನಿನಿಂದ ಮಾತ್ರ ಕಲಿಯಬೇಡಿ. 9 ಎಂಎಂನ 15 ಗುಂಡು ಸುಮಾರು 180 ಗ್ರಾಂ ತೂಗುತ್ತವೆ. ಮದ್ದು, ಅದಕ್ಕೆ ಕಿಡಿ ಹಚ್ಚುವ ಪ್ರೈಮರ್ ಎರಡೂ ಇಲ್ಲದ, ಆದರೆ ಮುಂದಿನ ಬುಲೆಟ್ ತುದಿ ಇರುವ ಡಮ್ಮಿ ಗುಂಡುಗಳನ್ನು ಪೂರ್ತಿ ತುಂಬಿದರೆ ಕೈಗೆ ನಿಜವಾದ ಭಾರ ಒಗ್ಗುತ್ತದೆ.

ಬಲಗೈಯವರ ಲೆಕ್ಕದಲ್ಲಿ ಹೇಳುತ್ತೇನೆ. ಬದಲಿಸುವ ಮುಂಚಿನ ಕೊನೆಯ ಗುಂಡು ಹಾರಿದ ಕ್ಷಣವೇ ಎಡಗೈ ಬೆಲ್ಟಿನಲ್ಲಿ ಹೊಸ ಮ್ಯಾಗಜೀನ್ ಇರುವ ಪೌಚ್‌ನತ್ತ ಹೊರಡಬೇಕು, ಬಲ ಹೆಬ್ಬೆರಳು ಹಳೆಯ ಮ್ಯಾಗಜೀನನ್ನು ಬೀಳಿಸುವ ಬಟನ್ ಒತ್ತಬೇಕು. ಟ್ರಿಗರ್ ಬೆರಳು ಗಾರ್ಡ್‌ನ ಹೊರಗಿರಲಿ, ಒಳಗಿದ್ದರೆ ಪಂದ್ಯದಿಂದಲೇ ಹೊರಗೆ. ಮೊಣಕೈ ಪಕ್ಕೆಗೆ ಹತ್ತಿರ ಬರಲಿ, ಆದರೆ ಪಿಸ್ತೂಲು ಮುಖದ ಎತ್ತರದಿಂದ ಕೆಳಗಿಳಿಯದಿರಲಿ. ಹಿಡಿಯ ಬಾಯಿ, ಅಂದರೆ ಮ್ಯಾಗಜೀನ್ ಒಳಹೋಗುವ ತೂತು, ಪೌಚ್‌ನತ್ತ ವಾಲಿರಲಿ. ಹೊಸ ಮ್ಯಾಗಜೀನಿನ ತಳ ಅಂಗೈಯಲ್ಲಿ ಕೂತು, ತೋರುಬೆರಳಿನ ತುದಿ ಮೇಲಿನ ಗುಂಡಿನ ಮೂತಿಗೆ ತಾಗಬೇಕು. ಕಣ್ಣು ಗುರಿಯನ್ನು ಬಿಟ್ಟು ಹಿಡಿಯ ಬಾಯಿಗೆ ಬರಬೇಕು. ಕೊನೆಯ ಒಂದಂಗುಲದಲ್ಲಿ ಮಾತ್ರ ಕೈ ತುಸು ನಿಧಾನಿಸಲಿ. ಬಾಯಿಗೆ ಸೇರಿದ ಮೇಲೆ ಅಂಗೈಯಿಂದ ಒಂದೇ ಏಟಿಗೆ ನೂಕಿ.

ಎಡವುವುದು ಹೆಚ್ಚಾಗಿ ಆ ಒಂದಂಗುಲದಲ್ಲೇ. ಹಾಗಾಗಿ ಮೊದಲು ಅರ್ಧ ಅಭ್ಯಾಸ ಮಾಡಿ: ಮ್ಯಾಗಜೀನ್ ಬಾಯಿಗೆ ತಾಗಿದೊಡನೆ ನಿಲ್ಲಿಸಿ, ಕೋನ ಸರಿಯಿದೆಯೇ ನೋಡಿ, ಮತ್ತೆ ಪೌಚ್‌ಗೆ ಹಾಕಿ. ಅದು ಸಲೀಸಾದ ಮೇಲೆ ಪೂರ್ತಿ ಸೇರಿಸಿ. ಟೈಮರಿನ ಎರಡು ಬೀಪ್‌ಗಳ ನಡುವೆ 2 ಸೆಕೆಂಡು ಇಟ್ಟು, ಆಗಾಗ 0.1 ಇಳಿಸುತ್ತಾ ಬನ್ನಿ. ಒಂದೂವರೆ ಸೆಕೆಂಡಿಗೆ ಬಂದರೆ ಕೈ ಪಳಗಿದೆ ಎನ್ನಬಹುದು.

ಇನ್ನೊಂದು ಕಾಟ ಅರ್ಧ ಕೂತ ಮ್ಯಾಗಜೀನು. ಚೇಂಬರಿನಲ್ಲಿ ಒಂದು ಗುಂಡು ಇರುವಾಗಲೇ ಬದಲಿಸಿದಾಗ ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಮುಚ್ಚಿದ್ದು, ಮ್ಯಾಗಜೀನ್ ಪೂರ್ತಿ ತುಂಬಿದ್ದರೆ ಅದರ ಸ್ಪ್ರಿಂಗ್ ಬಿಗಿಯಾಗಿ ಎದುರೊತ್ತುತ್ತದೆ, ಮ್ಯಾಗಜೀನ್ ಪೂರ್ತಿ ಕೂರುವುದಿಲ್ಲ. ಚೇಂಬರಿನ ಗುಂಡು ಹಾರುತ್ತದೆ, ಮುಂದಿನದು ಬರುವುದೇ ಇಲ್ಲ. ಖಾಲಿ ಮ್ಯಾಗಜೀನಿನಿಂದ ಕಲಿತವರಿಗೆ ಈ ಬಿಗಿಯ ಅಂದಾಜೇ ಇರುವುದಿಲ್ಲ. ಬಲಗೈಯವರು ಎಡಕ್ಕೆ ಓಡುತ್ತಾ ಬದಲಿಸುವಾಗ ನಳಿಕೆ ಹಿಂದಕ್ಕೆ ತಿರುಗುವ ಅಪಾಯವೂ ಉಂಟು.

ಅಂಕದ ಲೆಕ್ಕ ನೋಡಿ. 32 ಗುಂಡಿಗೆ 160 ಅಂಕ, 20 ಸೆಕೆಂಡು, ಹಿಟ್ ಫ್ಯಾಕ್ಟರ್ (ಅಂಕವನ್ನು ಸೆಕೆಂಡಿನಿಂದ ಭಾಗಿಸಿದ್ದು) 8. ಬದಲಿಸುವುದರಲ್ಲಿ ಅರ್ಧ ಸೆಕೆಂಡು ಉಳಿಸಿ, ಆ ಗಡಿಬಿಡಿಯಲ್ಲಿ ಎರಡು ಗುಂಡು ಗುರಿಹಲಗೆಯ ನಡುವಿನ ಎ ವಲಯದಿಂದ (5 ಅಂಕ) ಅದರಾಚೆಯ ಸಿ ವಲಯಕ್ಕೆ ಜಾರಿದರೆ, ಮೈನರ್ (ಕಡಿಮೆ ಶಕ್ತಿಯ ಗುಂಡು) ಲೆಕ್ಕದಲ್ಲಿ ಅಲ್ಲಿ 3 ಅಂಕವಾದ್ದರಿಂದ 156 ಅಂಕ, 19.5 ಸೆಕೆಂಡು. ಮತ್ತೆ ಅದೇ 8.

ಮನೆಯಲ್ಲಿ ನೆಲಕ್ಕೆ ಜಮಖಾನ ಹಾಸಿಕೊಳ್ಳಿ, ಇಲ್ಲವಾದರೆ ಕೆಳಗೆ ಬಿದ್ದ ಮ್ಯಾಗಜೀನಿನ ತುಟಿ (ಗುಂಡನ್ನು ಹಿಡಿದಿಡುವ ಮೇಲಂಚು) ಬಾಗಬಹುದು. ರೇಂಜಿನ ಮರಳಿಗೆ ಬಿದ್ದದ್ದರ ತಳ ಬಿಚ್ಚಿ, ಒಳಗೆ ಬ್ರಷ್ ಆಡಿಸಿದ ಮೇಲೆಯೇ ಮತ್ತೆ ತುಂಬಿ.